ಗಜಕರ್ಣವನ್ನು ಅಲ್ಪವೆಂದು ಎಣಿಸಬಾರದು

ಪ್ರಾಣಕ್ಕೆ ಎರವಾಗುವ ರೋಗಗಳ ವಿಷಯದಲ್ಲಿ ಎಚ್ಚರದಿಂದಿರುವ ನಮ್ಮ ಸಮಾಜವು, ಪ್ರಾಣವನ್ನು ಉಳಿಸಿ ನಿದ್ರೆಯನ್ನೂ ನೆಮ್ಮದಿಯನ್ನೂ ಅಪಹರಿಸುವ ರೋಗಗಳನ್ನು ಕ್ಷುಲ್ಲಕವೆಂದು ಬದಿಗೊತ್ತುವುದು ವಾಡಿಕೆಯಾಗಿದೆ. ಗಜಕರ್ಣವೆಂದೂ ಹುಳುಕಡ್ಡಿಯೆಂದೂ ನಮ್ಮ ಜನ ಕರೆಯುವ ಚರ್ಮದ ಶಿಲೀಂಧ್ರರೋಗವು ಈ ಉಪೇಕ್ಷೆಗೆ ಗುರಿಯಾದವುಗಳಲ್ಲಿ ಅಗ್ರಗಣ್ಯವಾದುದು. ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ, ಸೀರೆ ಲಂಗಗಳ ಬಿಗಿತಕ್ಕೆ ಸಿಕ್ಕಿ ಬೆವೆತ ಸೊಂಟದಲ್ಲಿ ಹುಟ್ಟಿಕೊಳ್ಳುವ ಈ ವ್ಯಾಧಿಯನ್ನು ಬಾಯಿಬಿಟ್ಟು ಹೇಳುವುದಕ್ಕೇ ಸಂಕೋಚ. ವೈದ್ಯರಿಗೆ ತೋರಿಸುವುದಕ್ಕೆ ಇನ್ನೂ ಸಂಕೋಚ. ಆ ಸಂಕೋಚದ ಮರೆಯಲ್ಲಿ, ಮೂರು ನಾಲ್ಕು ವಾರಗಳಲ್ಲಿ ವಾಸಿಯಾಗುತ್ತಿದ್ದ ಕಾಯಿಲೆಯು, ಕಳೆದೊಂದು ದಶಕದಿಂದೀಚೆಗೆ, ತಿಂಗಳುಗಟ್ಟಲೆ ಪೀಡಿಸುವ, ಮನೆಮಂದಿಗೆಲ್ಲ ಹರಡುವ, ಹೋದಂತೆ ತೋರಿ ಮರುಕಳಿಸುವ ಹಠಮಾರಿ ವ್ಯಾಧಿಯಾಗಿ ದೇಶದಾದ್ಯಂತ ಪರಿಣಮಿಸಿದೆ. ಇದು ದೈವಕೃತವಲ್ಲ, ಬಹುಮಟ್ಟಿಗೆ ನಮ್ಮ ಅವಿವೇಕದ ಫಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಶಿಲೀಂಧ್ರವು ಪ್ರಾಣಿಗಳಲ್ಲಿ ರೋಗವನ್ನುಂಟುಮಾಡಬಲ್ಲುದೆಂಬ ಅರಿವು ಶಾಸ್ತ್ರಕ್ಕೆ ಹೊಸದಲ್ಲ. ಸೂಕ್ಷ್ಮಜೀವಿಗಳಿಂದ ರೋಗ ಹುಟ್ಟುತ್ತದೆಂಬ ಪಾಶ್ಚರ್ ಮಹಾಶಯನ ಸಿದ್ಧಾಂತವು ಪ್ರಸಿದ್ಧಿಗೆ ಬರುವುದಕ್ಕೆ ಬಹಳ ಮುಂಚೆ, 1835ರಲ್ಲಿ, ಇಟಲಿಯ ಅಗೊಸ್ಟಿನೊ ಬಾಸ್ಸಿ ಎಂಬಾತನು, ರೇಷ್ಮೆಹುಳುಗಳನ್ನು ಕೊಂದು ಅವುಗಳ ಗಡುಸಾದ ಕಳೇಬರವನ್ನು ಬಿಳಿಯ ಹುಡಿಯಿಂದ ಆವರಿಸುವ ಪಿಡುಗಿಗೆ ಒಂದು ಸೂಕ್ಷ್ಮ ಶಿಲೀಂಧ್ರವೇ ಕಾರಣವೆಂದು ಪ್ರಯೋಗದಿಂದ ಸಾಧಿಸಿದನು. ನಮ್ಮ ರೇಷ್ಮೆ ಬೆಳೆಗಾರರು ಸುಣ್ಣಕಟ್ಟು ರೋಗವೆನ್ನುವುದು ಇದನ್ನೇ. ಕೆಲವೇ ವರ್ಷಗಳಲ್ಲಿ ಪ್ಯಾರಿಸ್ಸಿನಲ್ಲಿ ಡೇವಿಡ್ ಗ್ರೂಬಿಯು ಮನುಷ್ಯರ ತಲೆಯ ಗಜಕರ್ಣದಲ್ಲಿಯೂ ಶಿಲೀಂಧ್ರವನ್ನು ಗುರುತಿಸಿದನು. ಕಾರಣವು ಹೀಗೆ ಬೇಗನೆ ತಿಳಿದರೂ ಪರಿಹಾರವು ತಡವಾಗಿ ಬಂದಿತು: ನುಂಗುವ ಔಷಧವಾಗಿ ಗ್ರೈಸಿಯೋಫುಲ್ವಿನ್ ಬಳಕೆಗೆ ಬಂದುದು 1958ರ ಸುಮಾರಿಗೆ. ಶಿಲೀಂಧ್ರದ ಜೀವಕೋಶವು ಬ್ಯಾಕ್ಟೀರಿಯಾದ ಕೋಶಕ್ಕಿಂತ ನಮ್ಮ ಕೋಶಕ್ಕೇ ಹೆಚ್ಚು ಸಮೀಪವಾದುದು. ಅದನ್ನು ಕೊಲ್ಲುವ ವಿಷವು ನಮ್ಮನ್ನೂ ಬಾಧಿಸುವ ಸಂಭವವಿರುವುದರಿಂದ, ಇಂದಿಗೂ ಶಿಲೀಂಧ್ರನಾಶಕ ಔಷಧಗಳ ವರ್ಗಗಳು ಬೆರಳೆಣಿಕೆಯಷ್ಟೇ ಉಂಟು. ಇರುವ ಕೆಲವೇ ಅಸ್ತ್ರಗಳನ್ನು ನಾವಾಗಿ ಮೊಂಡು ಮಾಡಿಕೊಂಡರೆ ಅದಕ್ಕಿಂತ ದೊಡ್ಡ ಅನರ್ಥ ಬೇರಿಲ್ಲ.

ನಡೆಯುತ್ತಿರುವುದಾದರೋ ಅದೇ. ತುರಿಕೆ ಎದ್ದೊಡನೆ ಜನ ಹೋಗುವುದು ಔಷಧದಂಗಡಿಗೆ. ‘ತುರಿಕೆಗೊಂದು ಟ್ಯೂಬ್ ಕೊಡಿ’ ಎಂದರಾಯಿತು, ವೈದ್ಯರ ಚೀಟಿಯ ಮಾತೇ ಇಲ್ಲದೆ ಒಂದು ಮುಲಾಮು ಕೈಸೇರುತ್ತದೆ. ಅನೇಕ ವೇಳೆ ಅದರೊಳಗೆ ಶಿಲೀಂಧ್ರನಾಶಕದೊಡನೆ ಬ್ಯಾಕ್ಟೀರಿಯಾನಾಶಕವೂ, ಕ್ಲೋಬೆಟಸಾಲ್‌ನಂತಹ ಪ್ರಬಲ ಸ್ಟೀರಾಯ್ಡೂ ಬೆರೆತಿರುತ್ತವೆ. ಹಚ್ಚಿದ ಎರಡು ಮೂರು ದಿನಗಳಲ್ಲಿ ತುರಿಕೆ ಅಡಗಿ, ಕೆಂಪು ಮಾಸಿ, ರೋಗಿಯು ಗುಣವಾಯಿತೆಂದು ಹಿಗ್ಗುತ್ತಾನೆ. ವಸ್ತುತಃ ಸ್ಟೀರಾಯ್ಡು ಅಡಗಿಸಿದ್ದು ದೇಹದ ಪ್ರತಿರೋಧವನ್ನೇ ಹೊರತು ರೋಗವನ್ನಲ್ಲ. ಕಾವಲುಗಾರನನ್ನು ಮಲಗಿಸಿ ಕಳ್ಳನು ಓಡಿಹೋದನೆಂದು ನಂಬಿದಂತಾಯಿತು ಇದು. ಗಜಕರ್ಣದ ಸಹಜರೂಪದಲ್ಲಿ ಅಂಚು ಉಬ್ಬಿ, ಕೆಂಪಾಗಿ, ಹೊಟ್ಟಿನಿಂದ ಕೂಡಿದ್ದು, ನಡುವಿನ ಚರ್ಮ ತಿಳಿಯಾಗಿರುತ್ತದೆ. ಸ್ಟೀರಾಯ್ಡು ತಗುಲಿದ ಮೇಲೆ ಆ ಸ್ಪಷ್ಟವಾದ ಅಂಚು ಅಳಿಸಿ, ಬಳೆಯೊಳಗೆ ಬಳೆ ಮೂಡಿ, ನುರಿತ ಕಣ್ಣಿಗೂ ಗುರುತು ಸಿಗದಂತಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿಯ ಚರ್ಮವು ತೆಳುವಾಗಿ, ಹಿಗ್ಗಿ ಹರಿದ ಗೆರೆಗಳು ಬಿದ್ದು, ಜೀವನಪರ್ಯಂತ ಉಳಿಯುತ್ತವೆ.

ಇಂತಹ ಅರೆಚಿಕಿತ್ಸೆಯ ನಡುವೆ ಬದುಕುಳಿದ ಶಿಲೀಂಧ್ರವು ಔಷಧಕ್ಕೆ ಜಗ್ಗದ ಬಲವನ್ನು ಪಡೆದಿರುವುದು ಆಶ್ಚರ್ಯವಲ್ಲ. ಟರ್ಬಿನಾಫಿನ್ ಔಷಧವು ತಡೆಯಬೇಕಾದ ಕಿಣ್ವದಲ್ಲಿಯೇ ಅಲ್ಪ ಮಾರ್ಪಾಟನ್ನು ಹೊಂದಿರುವ ಒಂದು ತಳಿಗೆ, ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯ ಚರ್ಮದಿಂದ ಅದನ್ನು ಪಡೆದ ಜಪಾನಿನ ಸಂಶೋಧಕರು 2020ರಲ್ಲಿ ‘ಟ್ರೈಕೋಫೈಟಾನ್ ಇಂಡೋಟಿನಿಯೇ’ ಎಂದು ಹೆಸರಿಟ್ಟರು. 2023ರಲ್ಲಿ ಅದು ನ್ಯೂಯಾರ್ಕಿನ ರೋಗಿಗಳಲ್ಲಿಯೂ ಕಂಡುಬಂದುದು ವರದಿಯಾಯಿತು. ಅನೇಕ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿಯೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ನಿಯಮವು ರಾಜ್ಯಪತ್ರದಲ್ಲಿದ್ದು ಅಂಗಡಿಯ ಕಟ್ಟೆಯ ಮೇಲೆ ಇಲ್ಲದಿರುವುದೇ ನಮ್ಮ ವಿಪತ್ತು. ಸ್ಟೀರಾಯ್ಡಿನ ವಿಚಾರದಲ್ಲಿ ಅಜಾಗ್ರತೆಯ ಬೆಲೆ ಎಷ್ಟೆಂಬುದನ್ನು 2021ರ ಕೊರೋನಾ ಅಲೆಯಲ್ಲಿ ನಾಡು ಕಣ್ಣಾರೆ ಕಂಡಿದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೂ ಮಿತಿಮೀರಿದ ಸ್ಟೀರಾಯ್ಡೂ ಸೇರಿದೆಡೆಯಲ್ಲಿ ಕಪ್ಪು ಶಿಲೀಂಧ್ರವು ಮೂಗಿನಿಂದ ಕಣ್ಣಿಗೂ ಮೆದುಳಿಗೂ ಏರಿ, ಎಷ್ಟೋ ಮಂದಿಯ ಕಣ್ಣನ್ನೂ ಪ್ರಾಣವನ್ನೂ ಕಿತ್ತುಕೊಂಡಿತು.

ಮನುಷ್ಯನೊಬ್ಬನಿಗೇ ಚಿಕಿತ್ಸೆ ಮಾಡಿ ಕೈತೊಳೆದುಕೊಳ್ಳುವಂತಿಲ್ಲವೆಂಬುದು ಇಲ್ಲಿ ಮರೆಯಬಾರದ ಇನ್ನೊಂದು ಸಂಗತಿ. ಕೊಟ್ಟಿಗೆಯ ಎಳಗರುವಿನ ಕಣ್ಣಿನ ಸುತ್ತಲೂ ಕಿವಿಯ ಬುಡದಲ್ಲಿಯೂ ಕೂದಲುದುರಿ, ಬೂದು ಬಣ್ಣದ ದಪ್ಪ ಹಕ್ಕಳೆ ಕಟ್ಟಿರುವುದನ್ನು ಹೈನುಗಾರರು ಬಲ್ಲರು. ಅದೂ ಗಜಕರ್ಣವೇ. ಆ ಕರುವನ್ನು ಅಪ್ಪಿ ಹಿಡಿದು ನೀರು ಕುಡಿಸುವ ಮಗುವಿನ ಕೆನ್ನೆಗೆ, ಆರೈಕೆ ಮಾಡುವ ತಾಯಿಯ ಮುಂಗೈಗೆ ಅದು ದಾಟುತ್ತದೆ. ಅದರ ಬೀಜಕಣಗಳು ಗೂಟದಲ್ಲಿ, ಗೋದಲಿಯಲ್ಲಿ, ಮೈಯುಜ್ಜುವ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮುದ್ದಿನ ಬೆಕ್ಕು ನಾಯಿಗಳಿಂದಲೂ ಇಂತಹುದೇ ಸೋಂಕು ಬರುವುದುಂಟು. ಆದುದರಿಂದ ಮನೆಯವರ ವೈದ್ಯನೂ ಪಶುವೈದ್ಯನೂ ಒಬ್ಬರನ್ನೊಬ್ಬರು ಕೇಳಿ ತಿಳಿಯತಕ್ಕ ರೋಗವಿದು.

ಪರಿಹಾರವೇನೂ ದುಸ್ಸಾಧ್ಯವಲ್ಲ. ರೋಗದ ಅಂಚಿನಿಂದ ಸ್ವಲ್ಪ ಹೊಟ್ಟನ್ನು ಕೆರೆದು, ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಇಷ್ಟು ಅಲ್ಪವೆಚ್ಚದ ಪರೀಕ್ಷೆಯೂ ಶುದ್ಧವಾದ ಶಿಲೀಂಧ್ರನಾಶಕಗಳೂ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ಸಿಗುವಂತಾಗಬೇಕು. ಔಷಧ ನಿಯಂತ್ರಣಾಧಿಕಾರಿಗಳು ಸ್ಟೀರಾಯ್ಡ್ ಬೆರಕೆಯ ಮುಲಾಮುಗಳ ಚೀಟಿಯಿಲ್ಲದ ಮಾರಾಟವನ್ನು ನಿಷ್ಠುರವಾಗಿ ನಿಲ್ಲಿಸಬೇಕು. ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ತುರಿಕೆಗೆ ನಾಚದೆ ವೈದ್ಯರಲ್ಲಿಗೆ ಹೋಗಿರಿ; ಮನೆಯಲ್ಲಿ ಸೋಂಕಿರುವವರೆಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಿರಿ; ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸದೆ, ಬಟ್ಟೆಗಳನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿರಿ; ತುರಿಕೆ ನಿಂತಿತೆಂದು ಔಷಧವನ್ನು ನಡುವೆ ಬಿಡಬೇಡಿರಿ. ನೆರೆಮನೆಯವರು ಕೊಟ್ಟ ಮುಲಾಮನ್ನು ಮಾತ್ರ ಯಾವ ಕಾರಣಕ್ಕೂ ಮೈಗೆ ಹಚ್ಚಬೇಡಿರಿ.