ಕೊಳಚೆ ನೀರಿನಿಂದ ಅಂತರ್ಜಲ: ಕೆರೆ ತುಂಬಿಸಿದರೆ ಸಾಲದು

ಹಾಸನ: ಹೇಮಾವತಿ ನೀರನ್ನು ತುಮಕೂರಿನತ್ತ ಒಯ್ಯುವ ಬಾಗೂರು-ನವಿಲೆ ಸುರಂಗವಿರುವುದು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ. ಆದರೂ ಇಲ್ಲಿನ ಅನೇಕ ರೈತರು ನೆಚ್ಚಿರುವುದು ಕೊಳವೆಬಾವಿಯನ್ನೇ. ಪಟ್ಟಣಗಳು ಬಳಸಿ ಚೆಲ್ಲುವ ನೀರನ್ನು ಸಂಸ್ಕರಿಸಿ ಇಂಗಿಸಿದರೆ ಈ ಬಾವಿಗಳಿಗೆ ಆಸರೆಯಾದೀತೇ?

ಉತ್ತರದ ಒಂದು ಭಾಗ ಕೋಲಾರದಲ್ಲಿದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿತ ನೀರು ತಂದು 126 ಕೆರೆ ತುಂಬಿಸುವುದು ಅಲ್ಲಿನ ಯೋಜನೆಯ ಮೂಲ ಗುರಿ. 2018ರ ಜೂನ್‌ನಲ್ಲಿ ನೀರು ಹರಿಯಿತು. ಮರುತಿಂಗಳೇ ನೊರೆ ಕಾಣಿಸಿ, ಹೈಕೋರ್ಟ್ ತಡೆಯಾಜ್ಞೆ ನೀಡಿತು. ಬಳಿಕ ಹರಿವು ಮತ್ತೆ ಆರಂಭವಾಯಿತು. ಕೆರೆಗಳ ಸುತ್ತ ಅಂತರ್ಜಲ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೂ ಗುರುತಿಸಿದೆ. ಆದರೆ ಎರಡೇ ಹಂತದ ಸಂಸ್ಕರಣೆ ಸಾಲದು, ಮೂರನೇ ಹಂತವೂ ಬೇಕೆಂಬುದು ಹೋರಾಟಗಾರರ ಬೇಡಿಕೆ.

ಮಣ್ಣೇ ಶೋಧಕ

ಇಸ್ರೇಲ್‌ನ ಟೆಲ್ ಅವೀವ್ ಸುತ್ತಲಿನ ಕೊಳಚೆ ನೀರನ್ನು ಸಂಸ್ಕರಿಸಿದ ಮೇಲೆ ಮರಳಿನ ಹೊಂಡಗಳಿಗೆ ಬಿಡಲಾಗುತ್ತದೆ. ತುಂಬಿದ ಹೊಂಡವನ್ನು ಸರದಿಯಂತೆ ಒಣಗಿಸುತ್ತಾರೆ. ಆಗ ಮಣ್ಣಿನೊಳಕ್ಕೆ ಗಾಳಿಯಾಡಿ, ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸುತ್ತವೆ. ನೀರು ಇಳಿಯುತ್ತಾ ಸೋಸಿ, ರೋಗಾಣುಗಳು ಬಹುಮಟ್ಟಿಗೆ ಮೇಲೆಯೇ ಉಳಿಯುತ್ತವೆ. ಬಳಿಕ ಆ ನೀರನ್ನು ಮೇಲೆತ್ತಿ ನೆಗೆವ್ ಪ್ರದೇಶದ ಬೇಸಾಯಕ್ಕೆ ಒದಗಿಸಲಾಗುತ್ತದೆ. ಸದಾ ನೀರು ನಿಂತ ಕೆರೆಯಲ್ಲಿ ಮಣ್ಣಿಗೆ ಈ ಬಿಡುವಿಲ್ಲ. ತಳದಲ್ಲಿ ಹೂಳು ಕಟ್ಟಿದರೆ ಇಂಗುವಿಕೆಯೂ ಕುಗ್ಗುತ್ತದೆ.

ನೆಲದ ಗುಣವೂ ಬೇರೆ. ನಮ್ಮಲ್ಲಿ ಆಳದ ಮರಳಿಲ್ಲ. ಮೇಲೆ ಮಣ್ಣು, ಕೆಳಗೆ ಗಟ್ಟಿ ಕಲ್ಲು. ನೀರು ಬಂಡೆಯ ಬಿರುಕು ಹಿಡಿದರೆ ಸೋಸದೆಯೇ ದೂರದ ಬಾವಿ ಸೇರಬಹುದು. ನೈಟ್ರೇಟ್ ಹೆಚ್ಚಿದರೆ ಅಪಾಯ ಎಳೆಗೂಸುಗಳಿಗೆ. ಕಾರ್ಖಾನೆ ತ್ಯಾಜ್ಯ ಬೆರೆತರೆ ಮಣ್ಣೂ ಕೈಚೆಲ್ಲುತ್ತದೆ.

ಊರಿಗೊಂದು ಉಪಾಯ

ಆದ್ದರಿಂದ ಎಲ್ಲ ಊರಿಗೂ ಒಂದೇ ಮದ್ದು ಸಲ್ಲದು. ಹೊಳೆನರಸೀಪುರ ಹೇಮಾವತಿಯ ದಡದಲ್ಲಿದೆ. ಅಲ್ಲಿ ಚೆಲ್ಲಿದ ಕೊಳಚೆ ಕೆಳಗಿನವರ ಕುಡಿಯುವ ನೀರಿಗೆ ಸೇರುವುದರಿಂದ ನದಿ ರಕ್ಷಣೆಯೇ ಮೊದಲು. ಹೇಮಾವತಿ-ಕಾವೇರಿಗಳ ನಡುವಿನ ಅರಕಲಗೂಡಿಗೂ ಇದೇ ಮಾತು. ಕಾರ್ಖಾನೆಗಳಿರುವ ಹಾಸನದಲ್ಲಿ ಮನೆಗಳ ನೀರನ್ನು ಪ್ರತ್ಯೇಕಿಸಬೇಕು. ಇಂಗುಹೊಂಡದ ಪ್ರಯೋಗಕ್ಕೆ ಒಣ ಸೀಮೆಯಾದ ಚನ್ನರಾಯಪಟ್ಟಣವೇ ಸೂಕ್ತ: ಕುಡಿಯುವ ನೀರಿನ ಬಾವಿಗಳಿಂದ ದೂರ, ಸಣ್ಣ ಪ್ರಮಾಣದಲ್ಲಿ, ಸುತ್ತ ಪರೀಕ್ಷಾ ಬಾವಿಗಳೊಂದಿಗೆ.

ಪರೀಕ್ಷೆಯ ಫಲಿತಾಂಶ ಪ್ರತಿ ತಿಂಗಳೂ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಕಾಣಬೇಕು. ಕೆಟ್ಟ ಕೆರೆಯನ್ನು ಬರಿದು ಮಾಡಬಹುದು; ಕೆಟ್ಟ ಅಂತರ್ಜಲವನ್ನು ತೊಳೆಯುವುದು ಸುಲಭವಲ್ಲ.