ಅಳೆಯದ ವಿಷಕ್ಕೆ ಸಾಕ್ಷಿ ಯಾರು?

2011ರ ಎಪ್ರಿಲ್ 25ರಿಂದ 29ರ ವರೆಗೆ ಜಿನೇವಾದಲ್ಲಿ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಪ್ರಕೃತಿಯಲ್ಲಿ ಬಹುಕಾಲ ಕರಗದೆ ಉಳಿಯುವ ವಿಷ ರಾಸಾಯನಿಕಗಳನ್ನು ನಿಯಂತ್ರಿಸುವ ಸ್ಟಾಕ್‌ಹೋಮ್ ಒಪ್ಪಂದದ ಸದಸ್ಯ ರಾಷ್ಟ್ರಗಳ ಐದನೆಯ ಸಭೆ ಅದು. ಅಲ್ಲಿ ಚರ್ಚೆಗೆ ಬಂದ ಪ್ರಮುಖ ವಿಷಯ ಎಂಡೋಸಲ್ಫಾನ್. ಸಭೆ ಆರಂಭವಾದ ದಿನವೇ ಇತ್ತ ತಿರುವನಂತಪುರದಲ್ಲಿ ಕೇರಳದ ಅಂದಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಒಂದು ದಿನದ ಉಪವಾಸ ಕುಳಿತರು. ಭಾರತ ಸರಕಾರವು ಆ ಸಭೆಯಲ್ಲಿ ನಿಷೇಧದ ಪರ ನಿಲ್ಲಬೇಕೆಂಬುದು ಅವರ ಬೇಡಿಕೆಯಾಗಿತ್ತು. ತನ್ನದೇ ಪ್ರಜೆಗಳನ್ನು ಬಾಧಿಸಿದ ವಿಷವನ್ನು ಸಮರ್ಥಿಸಲು ಒಂದು ಸರಕಾರ ವಿದೇಶಕ್ಕೆ ಹೋಗುವುದು ಮತ್ತು ಅದನ್ನು ತಡೆಯಲು ಒಂದು ರಾಜ್ಯದ ಮುಖ್ಯಮಂತ್ರಿ ಉಪವಾಸ ಕೂರುವುದು ಸಾಮಾನ್ಯ ಸಂಗತಿಯೇ?

ಆಗ ಈ ಕೀಟನಾಶಕವನ್ನು ಜಗತ್ತಿನಲ್ಲೇ ಅತ್ಯಧಿಕವಾಗಿ ತಯಾರಿಸುತ್ತಿದ್ದ ಮತ್ತು ಬಳಸುತ್ತಿದ್ದ ದೇಶ ಭಾರತ. ಕೇಂದ್ರ ಸರಕಾರದ ಒಡೆತನದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಅದರ ಉತ್ಪಾದಕರಲ್ಲಿ ಒಂದಾಗಿತ್ತು. ವ್ಯಾಪಾರಿಯೂ ನ್ಯಾಯಾಧೀಶನೂ ಒಬ್ಬನೇ ಆದಾಗ ತೀರ್ಪು ಯಾವ ಕಡೆ ವಾಲೀತೆಂದು ವಿವರಿಸಬೇಕಾಗಿಲ್ಲ. ಕೊನೆಗೂ ಜಿನೇವಾದಲ್ಲಿ ನಿಷೇಧದ ನಿರ್ಧಾರವಾಯಿತು. ಕೆಲವು ಬೆಳೆ ಮತ್ತು ಕೀಟಗಳ ಮಟ್ಟಿಗೆ ಸೀಮಿತ ಅವಧಿಯ ವಿನಾಯಿತಿ ಪಡೆದ ಬಳಿಕ ಭಾರತವೂ ಅದನ್ನು ಒಪ್ಪಿತು.

ಇಂತಹ ಸಮ್ಮೇಳನಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಧೋರಣೆಗಳಿವೆ. ಅದೆಲ್ಲ ವಿಜ್ಞಾನಿಗಳ ವಿಚಾರ, ನಮಗೇಕೆ ಎಂಬುದು ಒಂದು. ಅದೆಲ್ಲ ಶ್ರೀಮಂತ ರಾಷ್ಟ್ರಗಳ ಹುನ್ನಾರ ಎಂಬುದು ಇನ್ನೊಂದು. ಈ ಎರಡೂ ಧೋರಣೆಗಳು ನಮ್ಮನ್ನು ಒಂದೇ ಕಡೆಗೆ ಒಯ್ಯುತ್ತವೆ: ಸುಮ್ಮನಿರುವ ಕಡೆಗೆ. ಆದ್ದರಿಂದ ಅಲ್ಲಿ ನಿಜವಾಗಿ ನಡೆಯುವುದೇನು ಎಂಬುದನ್ನು ತಿಳಿದುಕೊಳ್ಳಬೇಕು.

ಸ್ಟಾಕ್‌ಹೋಮ್ ಒಪ್ಪಂದಕ್ಕೆ 2001ರಲ್ಲಿ ಸಹಿ ಬಿತ್ತು. 2004ರಲ್ಲಿ ಅದು ಜಾರಿಗೆ ಬಂತು. ಭಾರತ 2006ರಲ್ಲಿ ಅದನ್ನು ಸ್ಥಿರೀಕರಿಸಿತು. ಯಾವುದೇ ರಾಸಾಯನಿಕವನ್ನು ಈ ಒಪ್ಪಂದದ ಪಟ್ಟಿಗೆ ಸೇರಿಸುವ ಮೊದಲು 31 ಮಂದಿ ತಜ್ಞರ ಸಮಿತಿಯೊಂದು ಅದನ್ನು ಪರಿಶೀಲಿಸುತ್ತದೆ. ಆ ರಾಸಾಯನಿಕ ಮಣ್ಣು, ನೀರಿನಲ್ಲಿ ಬಹುಕಾಲ ಉಳಿಯುತ್ತದೆಯೇ? ಜೀವಿಗಳ ದೇಹದಲ್ಲಿ ಶೇಖರವಾಗುತ್ತದೆಯೇ? ಬಳಸಿದ ಜಾಗದಿಂದ ಬಹುದೂರ ಸಾಗುತ್ತದೆಯೇ? ಹಾನಿ ಮಾಡುತ್ತದೆಯೇ? ಈ ನಾಲ್ಕು ಪ್ರಶ್ನೆಗಳಿಗೂ ಉತ್ತರ ಅಳತೆಯಿಂದಲೇ ಬರಬೇಕು. ಎಂಡೋಸಲ್ಫಾನ್ ಒಡೆದಾಗ ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಎಂಬ ವಸ್ತು ಮೂಲ ವಿಷದಷ್ಟೇ ಅಪಾಯಕಾರಿ ಮತ್ತು ಅದಕ್ಕಿಂತಲೂ ಹೆಚ್ಚು ಕಾಲ ಉಳಿಯುವಂಥದ್ದು. ಎಂದೂ ಈ ಕೀಟನಾಶಕ ಸಿಂಪಡಿಸದ ಉತ್ತರ ಧ್ರುವ ಪ್ರದೇಶದ ಗಾಳಿಯಲ್ಲೂ ಅದು ಪತ್ತೆಯಾಯಿತು.

ಇಷ್ಟು ಸೂಕ್ಷ್ಮ ಪ್ರಮಾಣವನ್ನು ಪತ್ತೆ ಹಚ್ಚುವುದು ಒಂದು ಕಾಲದಲ್ಲಿ ಸಾಧ್ಯವಿರಲಿಲ್ಲ. 1957ರಲ್ಲಿ ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಲವ್‌ಲಾಕ್ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಎಂಬ ಪುಟ್ಟ ಸಾಧನವನ್ನು ರೂಪಿಸಿದರು. ಕ್ಲೋರಿನ್ ಇರುವ ಕೀಟನಾಶಕಗಳು ನೂರು ಕೋಟಿಯಲ್ಲಿ ಒಂದು ಭಾಗದಷ್ಟಿದ್ದರೂ ಅವನ್ನು ಗುರುತಿಸುವ ಸಾಮರ್ಥ್ಯ ಇಂತಹ ಸಾಧನಗಳಿಂದ ಒದಗಿತು. ಅಂದರೆ ವಿಷವನ್ನು ಅಳೆಯುವ ವಿದ್ಯೆ ಮನುಷ್ಯನಿಗೆ ದಕ್ಕಿ ಆರು ದಶಕಗಳಿಗೂ ಹೆಚ್ಚಾಯಿತು. ಆದ್ದರಿಂದ ಅಳೆಯಲಾಗಲಿಲ್ಲ ಎಂಬ ನೆಪ ಯಾವ ಸರಕಾರಕ್ಕೂ ಸಲ್ಲದು. ಅಳೆಯಲು ಮನಸ್ಸು ಮಾಡಲಿಲ್ಲ ಎಂಬುದೇ ಸತ್ಯ.

ಈ ಸತ್ಯವನ್ನು ತಿಳಿಯಲು ಕಾಸರಗೋಡಿಗೆ ಹೋದರೆ ಸಾಕು. ಅಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಮಿಕ್ಕಿದ ಗೇರು ತೋಟಗಳಿಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸುತ್ತಿತ್ತು. ಗೇರಿನ ಚಿಗುರನ್ನು ಕರಟಿಸುವ ಟೀ ಸೊಳ್ಳೆಯ ನಿವಾರಣೆಯೇ ಉದ್ದೇಶ. 1970ರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ಈ ಸಿಂಪಡಣೆ 2000ದ ವರೆಗೂ ಮುಂದುವರಿಯಿತು. ಗುಡ್ಡದ ಮೇಲೆ ತೋಟ, ಕೆಳಗೆ ಸುರಂಗ, ಕೆರೆ, ತೋಡುಗಳ ನೀರನ್ನೇ ನಂಬಿದ ಮನೆಗಳು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಜನರೂ ಇದೇ ದುರಂತಕ್ಕೆ ಈಡಾದರು. ಅಲ್ಲಿ ಸಿಂಪಡಿಸಿದ್ದು ಕರ್ನಾಟಕದ ಗೇರು ಅಭಿವೃದ್ಧಿ ನಿಗಮ.

ಏನೋ ಕೆಟ್ಟದ್ದು ನಡೆಯುತ್ತಿದೆ ಎಂದು ಮೊದಲು ಗಮನಿಸಿದವರು ಯಾರು? ಪ್ರಯೋಗಾಲಯಗಳಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಗಳೂ ಅಲ್ಲ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮದಲ್ಲಿ ಕರುಗಳು ಅಂಗವೈಕಲ್ಯದೊಂದಿಗೆ ಹುಟ್ಟುತ್ತಿರುವುದನ್ನು ಕಂಡು ಅದರ ಬಗ್ಗೆ ಬರೆದವರು ಆ ಊರಿನವರೇ ಆದ ಕೃಷಿ ಪತ್ರಕರ್ತ ಶ್ರೀ ಪಡ್ರೆ. ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್ ಒಂದೇ ಊರಿನಲ್ಲಿ ಇಷ್ಟೇಕೆ ಎಂದು ಕೇಳಿದವರು ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. 1998ರಲ್ಲಿ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿ ವೈಮಾನಿಕ ಸಿಂಪಡಣೆಗೆ ತಡೆ ತಂದವರು ಪೆರಿಯದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ. ಇವರ ಜೊತೆಗೆ, ಮಕ್ಕಳನ್ನು ಹೊತ್ತುಕೊಂಡು ಮಂಗಳೂರಿನ ಆಸ್ಪತ್ರೆಗಳಿಗೆ ಅಲೆದ ಅದೆಷ್ಟೋ ತಾಯಂದಿರು. ಅವರಲ್ಲಿ ಹಿಂದೂ, ಮುಸ್ಲಿಂ ಎಂಬ ಭೇದವಿರಲಿಲ್ಲ. ವಿಷ ಯಾರ ಮನೆಯ ಬಾಗಿಲಲ್ಲೂ ಜಾತಿ-ಧರ್ಮ ವಿಚಾರಿಸಲಿಲ್ಲ.

ಇವರೆಲ್ಲರ ಮಾತಿಗೆ ಅಧಿಕಾರಿಗಳು ಕೊಟ್ಟ ಉತ್ತರ ಒಂದೇ: ಪುರಾವೆ ಎಲ್ಲಿದೆ? ಇಪ್ಪತ್ತಕ್ಕೂ ಅಧಿಕ ವರ್ಷ ಆಕಾಶದಿಂದ ವಿಷ ಸುರಿದವರಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ಲ. ವಿಷ ಕುಡಿದವರನ್ನು ಕೇಳಿದರು. 2001ರಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ನೀರು, ಮಣ್ಣು, ಆಹಾರ, ರಕ್ತದ ಮಾದರಿಗಳನ್ನು ಪರೀಕ್ಷಿಸಿ ಎಂಡೋಸಲ್ಫಾನ್ ಅಂಶವಿದೆ ಎಂದಿತು. ಆದರೆ ಅದೇ ವರ್ಷ ತೋಟದ ಮಾಲಕರ ಕೋರಿಕೆಯ ಮೇರೆಗೆ ನಡೆದ ಇನ್ನೊಂದು ಪರೀಕ್ಷೆ ಅದಕ್ಕೆ ತದ್ವಿರುದ್ಧವಾದ ವರದಿ ನೀಡಿತು. ಆ ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನಕ್ಕಿಳಿಯಿತು. ಅದರ ತಂಡವು ತೋಟದ ಬುಡದಲ್ಲಿರುವ ಹಳ್ಳಿಯ 117 ಶಾಲಾ ಬಾಲಕರನ್ನು, ಸಿಂಪಡಣೆಗೆ ಒಳಗಾಗದ ಊರಿನ 90 ಬಾಲಕರೊಂದಿಗೆ ಹೋಲಿಸಿತು. ಮೊದಲ ಗುಂಪಿನವರ ರಕ್ತದಲ್ಲಿ ಎಂಡೋಸಲ್ಫಾನ್ ಪ್ರಮಾಣ ಹೆಚ್ಚಿತ್ತು, ಅವರ ಲೈಂಗಿಕ ಬೆಳವಣಿಗೆ ತಡವಾಗಿತ್ತು ಎಂದು ಈ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಅಷ್ಟಾದರೂ ಕೇಂದ್ರ ನೇಮಿಸಿದ ಸಮಿತಿಗಳು ರೋಗಗಳಿಗೂ ಎಂಡೋಸಲ್ಫಾನ್‌ಗೂ ಸಂಬಂಧ ಸಾಬೀತಾಗಿಲ್ಲ ಎಂದೇ ಹೇಳಿದವು.

ಅಧ್ಯಯನದ ವ್ಯಾಪ್ತಿ ಚಿಕ್ಕದು, ಪ್ರತಿಯೊಬ್ಬ ರೋಗಿಯ ರೋಗಕ್ಕೂ ಇದೇ ಕಾರಣವೆಂದು ಹೇಳಲಾಗದು ಎಂಬ ವಾದವನ್ನು ಒಪ್ಪೋಣ. ವಿಜ್ಞಾನದಲ್ಲಿ ಸಂಶಯಕ್ಕೆ ಸ್ಥಾನವಿದೆ, ಇರಲೇಬೇಕು. ಆದರೆ ಆ ಸಂಶಯದ ಲಾಭ ಯಾರಿಗೆ ಸಿಗಬೇಕು? ಬಾಟಲಿಯಲ್ಲಿರುವ ರಾಸಾಯನಿಕಕ್ಕೋ, ತೊಟ್ಟಿಲಲ್ಲಿರುವ ಮಗುವಿಗೋ? ಸಿಂಪಡಣೆಗೆ ಮುಂಚೆ ಆ ಊರಿನ ನೀರನ್ನೂ ಜನರ ಆರೋಗ್ಯವನ್ನೂ ದಾಖಲಿಸಿದ್ದರೆ ಹೋಲಿಕೆಗೆ ಒಂದು ಆಧಾರ ಇರುತ್ತಿತ್ತು. ಅದನ್ನು ಮಾಡದವರೇ ಅನಂತರ ಆಧಾರವಿಲ್ಲ ಎನ್ನುವುದು ನ್ಯಾಯವಲ್ಲ.

ಎಂಡೋಸಲ್ಫಾನ್ ಅಗ್ಗದ ಕೀಟನಾಶಕ, ಅದನ್ನು ನಿಷೇಧಿಸಿದರೆ ಬಡ ರೈತರಿಗೆ ಕಷ್ಟ, ದುಬಾರಿ ಪರ್ಯಾಯಗಳನ್ನು ಮಾರಲಿಕ್ಕಾಗಿ ಐರೋಪ್ಯ ರಾಷ್ಟ್ರಗಳು ಇದನ್ನೆಲ್ಲ ಮಾಡುತ್ತಿವೆ ಎಂಬ ವಾದವೂ ಅಂದು ಬಲವಾಗಿ ಕೇಳಿಬಂತು. ನಿಷೇಧದ ಪ್ರಸ್ತಾವ ಐರೋಪ್ಯ ಒಕ್ಕೂಟದ್ದೆಂಬುದು ನಿಜ. ಈ ವಿಷವನ್ನು 1950ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದೂ ಜರ್ಮನಿಯ ಹೆಕ್ಸ್ಟ್ ಕಂಪೆನಿಯೇ. ವ್ಯಾಪಾರದ ಲೆಕ್ಕಾಚಾರಗಳು ಎಲ್ಲ ಕಡೆಯೂ ಇರುತ್ತವೆ. ಹಾಗಂತ, ಪಾಶ್ಚಾತ್ಯರ ಲಾಭವನ್ನು ತಪ್ಪಿಸುವುದಕ್ಕಾಗಿ ನಮ್ಮ ಮಕ್ಕಳು ವಿಷ ಸೇವಿಸಬೇಕೇ? ಅಷ್ಟಕ್ಕೂ ಕಾಸರಗೋಡಿನಲ್ಲಿ ಸಿಂಪಡಿಸಿದ್ದು ಬಡ ರೈತನಲ್ಲ, ಒಂದು ಸರಕಾರಿ ನಿಗಮ.

ಜಿನೇವಾದ ನಿರ್ಧಾರದ ಎರಡು ವಾರಗಳ ಬಳಿಕ, 2011ರ ಮೇ 13ರಂದು ಸುಪ್ರೀಮ್ ಕೋರ್ಟ್ ದೇಶಾದ್ಯಂತ ಎಂಡೋಸಲ್ಫಾನ್‌ನ ಉತ್ಪಾದನೆ, ಮಾರಾಟ ಮತ್ತು ಬಳಕೆಯನ್ನು ತಡೆಹಿಡಿಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ನ್ಯಾಯಾಲಯ ನೋಡಿದಾಗ 3,704 ಸಂತ್ರಸ್ತರ ಪೈಕಿ ಹಣ ತಲುಪಿದ್ದು ಎಂಟು ಮಂದಿಗೆ. ಅದೂ ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದವರಿಗೆ! ಮುಖ್ಯಮಂತ್ರಿಯೇ ಉಪವಾಸ ಕುಳಿತ ರಾಜ್ಯದ ಕತೆ ಇದು. ಉಪವಾಸ ಸುಲಭ, ಆಡಳಿತ ಕಷ್ಟ ಎನ್ನೋಣವೇ? ಬಳಸದೆ ಉಳಿದ ಎಂಡೋಸಲ್ಫಾನ್ ಅನ್ನು ಕರ್ನಾಟಕದ ಗಡಿಗೆ ತಾಗಿದ ಮಿಂಚಿನಪದವಿನ ಪಾಳು ಬಾವಿಯೊಂದರಲ್ಲಿ ಹೂಳಲಾಗಿದೆ ಎಂಬ ದೂರು ಆ ಬಳಿಕ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆಯೂ ಬಂತು. ಹೆಲಿಕಾಪ್ಟರ್ ನಿಂತು ಎರಡು ದಶಕ ಕಳೆದ ಮೇಲೂ ಆ ಊರಿನವರು ನೆಲದೊಳಗೇನಿದೆ ಎಂಬ ಆತಂಕದಲ್ಲೇ ಬದುಕಬೇಕಾಗಿದೆ.

ಇದೆಲ್ಲ ಹಳ್ಳಿಯವರ ಸಮಸ್ಯೆ ಎಂದು ಪಟ್ಟಣದ ನಾವು ಭಾವಿಸಿದರೆ ಅದು ಅಜ್ಞಾನ. ಎಂಡೋಸಲ್ಫಾನ್ ಹೋದರೂ ಬೇರೆ ಕೀಟನಾಶಕಗಳು ಬಳಕೆಯಲ್ಲಿವೆ. ನಾವು ಕೊಳ್ಳುವ ತರಕಾರಿ, ಮೀನು, ನಮ್ಮ ಬೋರ್‌ವೆಲ್ ನೀರು ಎಲ್ಲವೂ ಯಾವುದೋ ತೋಟದ, ಯಾವುದೋ ಕಾರ್ಖಾನೆಯ ನೆರೆಯಿಂದಲೇ ಬರುತ್ತವೆ. ಸ್ಟಾಕ್‌ಹೋಮ್ ಒಪ್ಪಂದದಡಿ ಜಾಗತಿಕವಾಗಿ ನಡೆಯುವ ನಿಗಾ ವ್ಯವಸ್ಥೆಯಲ್ಲಿ ಗಾಳಿಯ ಜೊತೆಗೆ ತಾಯಿಯ ಹಾಲು ಮತ್ತು ರಕ್ತವನ್ನೂ ಪರೀಕ್ಷಿಸಲಾಗುತ್ತದೆ. ವಿಷ ಕೊನೆಗೆ ಎಲ್ಲಿಗೆ ತಲುಪುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವಿಲ್ಲ.

ಮಸೀದಿಗೆ ಬಣ್ಣ ಬಳಿಯುವಾಗ, ಶಾದಿ ಮಹಲ್ ಕಟ್ಟುವಾಗ ನಾವು ಪೈಸೆ ಪೈಸೆಯ ಲೆಕ್ಕ ಕೇಳುತ್ತೇವೆ. ಅದೇ ಮೊಹಲ್ಲಾದ ಬಾವಿ ನೀರನ್ನು ಕಳೆದ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದು ನಗರಸಭೆಯ ಸದಸ್ಯನಲ್ಲಿ ಕೇಳಿದ್ದೇವೆಯೇ? ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಸರಕಾರ ನಡೆಸಿದ ಪರೀಕ್ಷೆಯ ಫಲಿತಾಂಶವನ್ನು ಕೇಳಿ ಪಡೆಯಲು ಒಂದು ಅರ್ಜಿ ಸಾಕು. ಪರೀಕ್ಷೆಯೇ ನಡೆದಿಲ್ಲವೆಂಬ ಉತ್ತರ ಬಂದರೆ ಹೋರಾಟಕ್ಕೆ ಅದೇ ಮೊದಲ ದಾಖಲೆ. ನಮ್ಮ ಸಂಘ-ಸಂಸ್ಥೆಗಳು, ಜಮಾಅತ್‌ಗಳು, ವಿಜ್ಞಾನ ಕಲಿಯುತ್ತಿರುವ ನಮ್ಮ ಯುವಕ-ಯುವತಿಯರು ಇದನ್ನು ನೆರೆಹೊರೆಯ ಎಲ್ಲರ ಜೊತೆ ಸೇರಿ ಮಾಡಬೇಕು.

ಜಿನೇವಾದಲ್ಲಿ ವಿಜ್ಞಾನಿಗಳು ಸಭೆ ಸೇರಲಿ, ಅವರ ಕೆಲಸಕ್ಕೆ ಬೆಲೆಯಿದೆ. ಆದರೆ ಪಡ್ರೆಯಲ್ಲಿ ಮೊದಲ ಕರು ವಿಕಲಾಂಗವಾಗಿ ಹುಟ್ಟಿದಾಗಿನಿಂದ ಜಿನೇವಾದ ನಿರ್ಧಾರಕ್ಕೆ ಮೂರು ದಶಕ ಹಿಡಿಯಿತು. ಈ ಅಂತರವನ್ನು ತಗ್ಗಿಸುವ ಕೆಲಸ ಯಾವ ಸಮ್ಮೇಳನವೂ ಮಾಡದು. ವಿಷ ಮಾರುವವನೇ ಅದರ ನಿರಪಾಯವನ್ನು ಮೊದಲು ಸಾಬೀತುಪಡಿಸಬೇಕು, ಪರೀಕ್ಷಿಸುವವನು ಮಾರುವವನ ಹಣದಲ್ಲಿ ಬದುಕುವವನಾಗಿರಬಾರದು, ಅಳತೆಯ ಫಲಿತಾಂಶ ಆ ನೀರು ಕುಡಿಯುವವರ ಕೈಗೆ ಸಿಗಬೇಕು. ಈ ಮೂರನ್ನು ನಾವು ಕೇಳದಿದ್ದರೆ, ನಾಳೆ ನಮ್ಮಲ್ಲೂ ಪುರಾವೆ ಎಲ್ಲಿದೆ ಎಂದು ಕೇಳುತ್ತಾರೆ. ಆಗ ತೋರಿಸಲು ನಮ್ಮ ಬಳಿ ನಮ್ಮ ಮಕ್ಕಳಲ್ಲದೆ ಬೇರೇನೂ ಇರಲಾರದು.