ತಿಳಿನೀರಿನೊಳಗಣ ಉಪ್ಪು

ಮದ್ಯದ ಮಾತೆಂದು ಗೃಹಿಣಿಯರು ಪುಟ ಮಗುಚಬೇಕಾಗಿಲ್ಲ. ಇಲ್ಲಿ ಹೇಳಹೊರಟಿರುವುದು ನೀರಿನ ಸಂಗತಿ. ಕೃಷ್ಣರಾಜಪುರದ ಕೊಳವೆಬಾವಿಯ ಗಡಸುನೀರಿನಲ್ಲಿ ತೊಗರಿಬೇಳೆ ಬೇಯದೆ ಸತಾಯಿಸುವುದನ್ನು ಕಂಡವರಿಗೆ ಬಿಯರ್ ತಯಾರಿಸುವವನ ಸಂಕಟ ಬಲುಬೇಗ ಅರ್ಥವಾದೀತು.

ದಂಡುಪ್ರದೇಶದ ಸೋಲ್ಜರರ ಬಾಯಾರಿಕೆಯನ್ನೇ ನೆಚ್ಚಿ ಬೆಂಗಳೂರಿನಲ್ಲಿ ಈ ಉದ್ಯಮ ಬೇರೂರಿತು. 1915ರಲ್ಲಿ ಥಾಮಸ್ ಲೀಷ್‌ಮನ್ ದಕ್ಷಿಣದ ಹಲವು ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದನು. ಬಿಯರಿನಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಅಲ್ಲವೆ? ಇಂಗ್ಲೆಂಡಿನ ಬರ್ಟನ್ ಊರಿನ ಬಾವಿಗಳಲ್ಲಿ ಜಿಪ್ಸಂ ಹೇರಳ. ಅಲ್ಲಿಯ ಏಲ್ ಪಾನೀಯದ ಚುರುಕು ಕಹಿಗೆ ಅದು ನೆರವಾಯಿತು. ಬೊಹೀಮಿಯದ ಪಿಲ್ಸೆನ್ನಿನ ನೀರೋ ಬಹು ಮೃದು. ಅಲ್ಲಿ ಹುಟ್ಟಿದ ಹೊಂಬಣ್ಣದ ಬಿಯರೂ ಅಷ್ಟೇ ಸೌಮ್ಯ.

ಈಗ ಬರ್ಟನ್ನಿಗೆ ಹೋಗಬೇಕಿಲ್ಲ. 10 ಲೀಟರ್ ಮೃದುಜಲಕ್ಕೆ 1 ಗ್ರಾಂ ಜಿಪ್ಸಂ ಕರಗಿಸಿದರೆ ಲೀಟರಿಗೆ ಸುಮಾರು 23 ಮಿಲಿಗ್ರಾಂ ಕ್ಯಾಲ್ಸಿಯಂ, 56 ಮಿಲಿಗ್ರಾಂ ಸಲ್ಫೇಟು ಸೇರುತ್ತವೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಮಾಲ್ಟಿನ ಸವಿ ತುಂಬಿಬರುತ್ತದೆ. ಸಾರಿಗೆ ಉಪ್ಪು ಹಾಕುವ ಕೈಗಿರುವ ಹದವೇ ಇಲ್ಲಿಯೂ ಬೇಕು.

ಆದರೆ ಕೂಡಿಸಿದಷ್ಟು ಸುಲಭವಾಗಿ ಕಳೆಯಲಾಗದು. ಕುದಿಸಿದಾಗ ಬೈಕಾರ್ಬೊನೇಟಿನ ಗಡಸು ಪಾತ್ರೆಯ ತಳಕ್ಕೆ ಬಿಳಿಯ ಪರೆಯಾಗಿ ಇಳಿಯುತ್ತದೆ. ಸಲ್ಫೇಟಿನದು ಜಪ್ಪಯ್ಯ ಎಂದರೂ ಕದಲದು. ಅದಕ್ಕೆ ಆರ್.ಒ. ಯಂತ್ರವೇ ಆಗಬೇಕು. ಆ ಯಂತ್ರವಾದರೋ ಶುದ್ಧಜಲ ಕೊಡುವಾಗಲೇ ಉಳಿದ ಪಾಲನ್ನು ಚರಂಡಿಗೆ ಚೆಲ್ಲುತ್ತದೆ. 2024ರ ಬೇಸಗೆಯಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ಕಾದ ನಗರದಲ್ಲಿ ಇದು ದುಬಾರಿಯ ರುಚಿ. ಮೇಲಾಗಿ, ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದಕ್ಕೆ ಅಬಕಾರಿ ಕಾನೂನಿನ ಅಡ್ಡಿಯುಂಟು. ಬೇಳೆಗೆ ಚಿಟಿಕೆ ಸೋಡಾ ಹಾಕುವುದಕ್ಕೆ ಯಾರ ಅಪ್ಪಣೆಯೂ ಬೇಡ.